ಮೇಣದ ಮೊಹರು

"ಅಕ್ಬರಸಾಬ, ಈ ತೂತು ಮುಚ್ಚಿ ತೋರಸ್ರಿ."

ನಾನು ಹೇಳಿದ್ದು ಇಷ್ಟೇ. ಸವಣೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಆ ಜಿನ್ನಿನ ಕೊಟ್ಟಿಗೆಯಲ್ಲಿ ಮಾತೇ ನಿಂತುಹೋಯಿತು. ಮುದುಕ ಫಿಟ್ಟರ್ ಅಕ್ಬರಸಾಬ ಕೈಯಲ್ಲಿದ್ದ ಚಹದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. ಬಾಗಿಲಿಗೆ ಒರಗಿ ನಿಂತಿದ್ದ ಜಿನ್ನಿನ ಮಾಲೀಕ ಕುಬೇರಪ್ಪ ಸಾವುಕಾರ ಎಲೆ ಜಗಿಯುವುದನ್ನು ನಿಲ್ಲಿಸಿದ.

ನಮ್ಮ ಮೂವರ ನಡುವೆ ಹಲಗೆಯ ಮೇಲೆ ಒಂದು ಮೋಟಾರು ಕೂತಿತ್ತು. ಹಡಗಿನಿಂದ ಬಿಚ್ಚಿ ತಂದದ್ದು. ನಾನು ಹಾನಗಲ್ಲ ಕಡೆಯ ಆಡೂರಿನವನು, ಕೆರೆಗಿಂತ ದೊಡ್ಡ ನೀರು ಕಂಡವನಲ್ಲ. ಪೊಲೀಸ್ ಜಮಾದಾರಿಕೆ ಬಿಟ್ಟ ಮೇಲೆ ವಕೀಲರ ಹೇಳಿಕೆಯ ಮೇಲೆ ಊರೂರು ತಿರುಗಿ ಪತ್ತೆ ಮಾಡುವುದು ನನ್ನ ಹೊಟ್ಟೆಪಾಡು. ಉಳಿವೆಪ್ಪನೆಂಬ ನನ್ನ ಹಣೆಯಲ್ಲಿ ಹಡಗಿನ ಕೇಸು ಬರೆದಿದ್ದ ಬ್ರಹ್ಮನಿಗೆ ಬೇರೆ ಕೆಲಸ ಇರಲಿಲ್ಲವೆಂದು ಕಾಣುತ್ತದೆ.

ಬೊಂಬಾಯಿ ಬಂದರಿನಲ್ಲಿ ಹಡಗಿನ ಹೊಟ್ಟೆಗೆ ನೀರು ನುಗ್ಗಿ ಖಲಾಸಿಗಳು, ಅಂದರೆ ಹಡಗಿನ ಆಳುಗಳು, ಸತ್ತಿದ್ದರು, ಬೇಕೆಂದೇ ಮೋಟಾರು ಕೆಡಿಸಿದನೆಂದು ಅದರ ಫಿಟ್ಟರ್ ಹಯಾತ ಜೈಲಿನಲ್ಲಿದ್ದ. ಲಡಾಯಿಯ ಕಾಲ. ಆ ಗುನ್ಹೆಗೆ ಗಲ್ಲೇ ಗತಿ. ಹಯಾತ ಈ ಅಕ್ಬರಸಾಬನ ಕೈಯಲ್ಲಿ ಕಲಿತವನು, ಅವನ ಮಗಳು ಮುನವ್ವರಾಳ ಗಂಡ.

ಹಡಗಿನ ತಳದಲ್ಲಿ ಒಂದು ಬಾಯಿ ಇರುತ್ತದಂತೆ. ಯಂತ್ರ ಕಾಯದಿರಲೆಂದು ಅದರಿಂದ ಸಮುದ್ರದ ನೀರು ಎಳೆಯುತ್ತಾರೆ. ಆ ಬಾಯಿಗೆ ಒಂದು ವಾಲ್ವು, ಅಂದರೆ ನೀರಿನ ಬಾಗಿಲು. ಚಕ್ರ ಹಿಡಿದು ಕೈಯಿಂದ ತಿರುವುತ್ತ ಕೂತರೆ ತಡವಾಗುತ್ತದೆಂದು ವಾಲ್ವಿನ ತಲೆಯ ಮೇಲೆ ಒಂದು ಕರೆಂಟಿನ ಮೋಟಾರು ಕೂಡಿಸುತ್ತಾರೆ. ಮೇಲೆ ಗುಂಡಿ ಒತ್ತಿದರೆ ಕೆಳಗೆ ಬಾಗಿಲು ಮುಚ್ಚಬೇಕು. ಅವತ್ತು ಒಳಗಿನ ಕೊಳವೆ ಒಡೆಯಿತು. ಗುಂಡಿ ಒತ್ತಿದರು, ಮೋಟಾರು ತಿರುಗದೆ ಸುಟ್ಟುಹೋಯಿತು. ಕೈಚಕ್ರಕ್ಕೆ ಓಡೋಣವೆಂದರೆ ಅದಾಗಲೇ ನೀರಿನೊಳಗಿತ್ತು.

ಸುಟ್ಟ ಮೋಟಾರು ಕೋರ್ಟಿನ ವಶದಲ್ಲಿತ್ತು. ಹಡಗಿನ ಇನ್ನೊಂದು ಮಗ್ಗುಲಲ್ಲಿದ್ದ ಅದರ ಜೋಡಿಯನ್ನು ವಕೀಲರು ಕಾಡಿ ಬೇಡಿ ಬಿಡಿಸಿ ಯಲವಿಗಿ ಸ್ಟೇಶನ್ನಿಗೆ ಕಳಿಸಿದ್ದರು. ಮೊನ್ನೆ ಅದನ್ನು ಬಿಚ್ಚಿದೆ. ಒಳಗಿನಿಂದ ಒಂದು ಬಟ್ಟಲು ನೀರು ಸುರಿಯಿತು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪಿರಲಿಲ್ಲ.

ಅಂದರೆ ಅದು ಸಮುದ್ರದ ನೀರಲ್ಲ, ಕಬ್ಬಿಣ ಬೆವರಿದ ನೀರು. ಹಡಗಿನ ತಳದ ಹಬೆಗೆ ಮೋಟಾರು ಒಳಗೊಳಗೇ ಬೆವರುತ್ತದೆ, ಆ ಬೆವರು ಇಳಿದು ಹೋಗಲೆಂದು ತಳಕ್ಕೆ ಸಣ್ಣದೊಂದು ತೂತು ಬಿಟ್ಟಿರುತ್ತಾರೆ. ವಕೀಲರು ಕಂಡ ಒಬ್ಬ ಮುದಿ ಹಡಗು ಇಂಜಿನೀಯರ ನನಗೆ ಹೇಳಿ ಕಳಿಸಿದ್ದೂ ಅದನ್ನೇ. ಮೊದಲು ತಳದ ತೂತು ನೋಡು ಎಂದಿದ್ದ.

ತೂತು ಮುಚ್ಚಿತ್ತು. ಒಳಗೆ ಹತ್ತಿ, ಅದರ ಮೇಲೆ ಜೇನುಮೇಣ, ಮೇಣದ ಮೇಲೆ ಬೂದು ಬಣ್ಣ. ಬಣ್ಣ ಬಳಿಯುವ ಮೊದಲೇ ಯಾರೋ ಮುಚ್ಚಿದ್ದರು. ಹೀಗೆ ಹತ್ತಿ ತುರುಕಿ ಮೇಣ ಮೆತ್ತುವುದು ಸವಣೂರಿನ ಜಿನ್ನಿನವರ ಪದ್ಧತಿಯೆಂದು ಸುತ್ತಲಿನವರಿಗೆಲ್ಲ ಗೊತ್ತು. ನಾನು ಖುಷಿಯಿಂದ ವಕೀಲರಿಗೆ ತಂತಿ ಹೊಡೆದೆ: ಮೊಹರು ಸಿಕ್ಕಿತು, ಇದು ಸವಣೂರಿನ ಕೈ, ಹಯಾತನಿಗೆ ಧೈರ್ಯ ಹೇಳಿ ಎಂದು.

ಈಗ ಆ ಕೈ ಯಾರದೆಂದು ಗೊತ್ತಾಗಬೇಕಿತ್ತು.

"ಮುಚ್ಚೂದೇನ್ ದೊಡ್ಡ ಮಾತ್ರಿ," ಎಂದ ಅಕ್ಬರಸಾಬ. "ಜಿನ್ನಿನ್ಯಾಗ ತೂತ ಕಂಡ್ರ ಮುಚ್ಚೂದ ನಮ್ಮ ರಿವಾಜ. ಅರಳಿ ಧೂಳಾ ಮೋಟಾರದಾಗ ಹೊಕ್ಕಿತಂದ್ರ ಕಿಡಿ ಹಿಡಿತೈತಿ. ಒಂದ್ ಕಿಡಿ ಸಾಕು, ಇಡೀ ಕೊಟ್ಟಗಿ ಬೂದಿ."

"ಮುಚ್ಚಿದ ಮೊಹರಾ ಯಾರು ತಗೀತಾರು?"

"ಹಾಕಿದಾವ್ನ ತಗೀಬೇಕ್ರಿ. ಬ್ಯಾರೆದವ್ರು ಮುಟ್ಟಂಗಿಲ್ಲ. ಮುಟ್ಟಿದ್ರ ಮುಂದ ಬೆಂಕಿ ಬಿದ್ದಾಗ ಅವನ ಜವಾಬು. ಹಯಾತಗೂ ನಾ ಹಂಗ ಕಲಿಸೇನಿ."

ಸಾವುಕಾರ ಬಾಗಿಲಿನಿಂದಲೇ ನಕ್ಕ. "ಕೇಳಿದ್ರಲ್ಲ ಜಮಾದಾರ್ರ? ಅವನ ಬಾಯಿಂದ್ಲೇ ಬಂತು. ಇನ್ನ ನನ್ನ ಜಿನ್ನ ನನಗ ಬಿಡ್ರಿ. ಹಿರೇಕೆರೂರ, ರಟ್ಟೀಹಳ್ಳಿ ಗಾಡಿ ಹೊರಗ ನಿಂತಾವು."

ನನಗೆ ಮೈ ಉರಿಯಿತು. ನಾನು ಮೋಟಾರಿನ ತಂತಿಯ ಸುರುಳಿಗಳ ಸಂದಿನಿಂದ ಚಿಮಟಿಗೆಯಲ್ಲಿ ಕಿತ್ತ ಒಂದು ಎಳೆ ಅರಳೆಯನ್ನು ಅವನ ಮುಂದೆ ಹಿಡಿದೆ.

"ಇದು ಸಮುದ್ರದಾಗ ಬೆಳೀತೈತೇನ್ರಿ ಸಾವ್ಕಾರ್ರ?"

ಅವನು ಎಳೆಯಿಂದ ಮುಖ ತಿರುಗಿಸಿಕೊಂಡ.

"ಈ ಮೋಟಾರ ನಿಮ್ಮ ಜಿನ್ನಿನ್ಯಾಗ ದುಡದದ್ದು. ನಿಮ್ಮಲ್ಲೂ ಡೈನಮೋದ ಕರೆಂಟು, ಹಡಗಿನ್ಯಾಗೂ ಅದ ಕರೆಂಟು, ಹಿಂಗಾಗಿ ತಿರುಗೂದು ತಿರುಗಿತು. ಆದ್ರ ಹಡಗಿಗಂತ ಮಾಡಿದ ಮೋಟಾರಿಗೆ ಹಿತ್ತಾಳಿ ಬೋಲ್ಟ ಇರ್ತಾವು, ಇದಕ್ಕ ಕಬ್ಬಿಣದವು, ಎಲ್ಲಾ ತುಕ್ಕು. ಒಳಗ ಬೆಚ್ಚಗಿಡೋ ಸುರುಳಿ ಇರ್ತೈತಿ, ಇದರಾಗ ಇಲ್ಲ. ಉಪ್ಪಿನ ಗಾಳಿ ತಡಿಯೂವಂಥಾದ್ದು ಇದರಾಗ ಏನೂ ಇಲ್ಲ. ಬರೇ ಬಣ್ಣ ಬಳದು ಹಡಗಿಗೆ ಕೊಟ್ರಿ."

"ನಾ ಗುಜರಿ ಅಂತ ಮಾರೇನಿ."

"ಗುಜರಿಗೆ ಬಣ್ಣಾ ಯಾಕ?"

ಕುಬೇರಪ್ಪ ಹೊರಗೆ ಹೋಗಿ ಎಲೆ ಉಗುಳಿ ಬಂದ. ಬಂದಾಗ ಅವನ ದನಿ ಮೆತ್ತಗಾಗಿತ್ತು.

"ಬೊಂಬಾಯಿ ದಲಾಲ ಹೇಳಿದ, ಮಾಡಿಸಿದೆ. ಲಡಾಯಿ ಸಲುವಾಗಿ ಹೊಸಾ ಮೋಟಾರ ಎಲ್ಲೂ ಸಿಗವಲ್ವು, ಎರಡು ಹಳೇವು ಕಳಸು ಅಂದ. ತಳಕ್ಕೊಂದು ತೂತಿದ್ರ ಅಲ್ಲಿ ಸಾಹೇಬ್ರು ಪಾಸ್ ಮಾಡ್ತಾರಂದ, ಕೊರಸಿದೆ. ಯಾಕ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಚ್ಚು ಅಂತ ನಾ ಹೇಳಿಲ್ಲ. ಮುಚ್ಚಿದಾವ ಇಂವ. ಖಲಾಸಿಗಳ ಪಾಪ ಇವನ ಮ್ಯಾಲ."

"ಹೌದ್ರಿ," ಎಂದ ಅಕ್ಬರಸಾಬ. "ನಾನ ಮುಚ್ಚೇನಿ. ಬರಕೋರಿ. ಎಲ್ಲಿ ಹೇಳಂತೀರಿ ಅಲ್ಲಿ ಬಂದು ಹೇಳ್ತೇನಿ. ಹಯಾತನ್ನ ಬಿಡಸ್ರಿ."

ಅಷ್ಟು ಬೇಗ ಕಬೂಲ್ ಮಾಡುವವರನ್ನು ಕಂಡರೆ ನನಗೆ ಸಂಶಯ. ಠಾಣೆಯಲ್ಲಿ ಕೂದಲು ಬಿಳಿಮಾಡಿಕೊಂಡವನು ನಾನು. ಅದಕ್ಕೇ ಮತ್ತೆ ಅದೇ ಮಾತು ಹೇಳಿದೆ, ತೂತು ಮುಚ್ಚಿ ತೋರಸ್ರಿ ಅಂತ.

ಅವನ ಮುಂದೆ ಹತ್ತಿ ಇಟ್ಟೆ, ಮೇಣ ಇಟ್ಟೆ. ಮೋಟಾರನ್ನು ಮಗ್ಗುಲಿಗೆ ಹೊರಳಿಸಿದೆ. ಅಕ್ಬರಸಾಬ ಮೇಣವನ್ನು ಅಂಗೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿದ, ಹತ್ತಿಯನ್ನು ಉಂಡೆ ಕಟ್ಟಿದ. ಆ ತನಕ ಎಲ್ಲ ಸರಿಯಿತ್ತು. ಆಮೇಲೆ ಅವನ ಬೆರಳು ಕಬ್ಬಿಣದ ಮೇಲೆ ತಡವಿತು, ಒಂದು ಕುಳಿ ಸಿಕ್ಕಿತು. ಹತ್ತಿ ತುರುಕಿ, ಮೇಣ ಮೆತ್ತಿ, ಹೆಬ್ಬೆರಳಿನಿಂದ ಒತ್ತಿದ.

"ನೋಡ್ರಿ. ಆತಲ್ಲ."

ಅವನು ಮುಚ್ಚಿದ್ದು ತೂತನ್ನಲ್ಲ. ಪಕ್ಕದ ಬೋಲ್ಟಿನ ಕುಳಿಯನ್ನು.

ಕೊಟ್ಟಿಗೆಯ ಬಾಗಿಲು ಪೂರ್ತಿ ತೆರೆದಿತ್ತು, ನಡುಮಧ್ಯಾಹ್ನದ ಬಿಸಿಲು ನೇರ ಮೋಟಾರಿನ ಮೇಲೆಯೇ ಬಿದ್ದಿತ್ತು. ಅಂಥ ಬೆಳಕಿನಲ್ಲೂ ಅವನಿಗೆ ಕಾಣಲಿಲ್ಲ. ನಾನು ಅವನ ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ. 

"ಎಷ್ಟ ದಿನಾತು ಅಕ್ಬರಸಾಬ, ಕಣ್ಣು ಹೋಗಿ?"

 ಸಾವುಕಾರನೇ ಮೊದಲು ಮಾತಾಡಿದ. "ಅಂದ್ರ ನಾ ಇಷ್ಟ ದಿನ ಕುರುಡಗ ಪಗಾರ ಕೊಟ್ಟೇನೇನು? ಮೋಟಾರ ಮನಿಗೆ ಒಯ್ದು ತಂತಿ ಸುತ್ತತೇನಿ, ಮನಿಗೆ ಒಯ್ದು ಸುತ್ತತೇನಿ ಅಂತಿದ್ದಿ. ಯಾರ ಸುತ್ತತಿದ್ರು?" ಉತ್ತರಕ್ಕೆ ಕಾಯಲಿಲ್ಲ. ಏನೋ ಹೊಳೆದವನಂತೆ ನನ್ನನ್ನೊಮ್ಮೆ ನೋಡಿ, ರುಮಾಲು ಸರಿಮಾಡಿಕೊಂಡು ಹೊರಟೇ ಹೋದ.

ನಾನು ಕಿಸೆಯಿಂದ ಮೊನ್ನೆ ಕಿತ್ತ ಹತ್ತಿಯನ್ನು ತೆಗೆದೆ. ಅದನ್ನು ಮೂರು ದಿನದಿಂದ ನೋಡುತ್ತಿದ್ದೆ, ಆದರೆ ನೋಡಬೇಕಾದದ್ದನ್ನು ನೋಡಿರಲಿಲ್ಲ. ಅಕ್ಬರಸಾಬ ಕಟ್ಟಿದ್ದು ಉಂಡೆ. ಜಿನ್ನಿನ ಗಂಡಸರು ಎಲ್ಲರೂ ಹಾಗೇ ತುರುಕುತ್ತಾರೆ, ಆ ಕೊಟ್ಟಿಗೆಯ ಬೇರೆ ಮೋಟಾರುಗಳಲ್ಲೂ ಉಂಡೆಗಳೇ ಇದ್ದವು. ನನ್ನ ಕೈಯಲ್ಲಿದ್ದದ್ದು ಹೊಸೆದ ಹತ್ತಿ. ಅಂಗೈಯಿಂದ ಒಂದೇ ಸಮ ಉರುಳಿಸಿ, ತುದಿ ಚೂಪು ಮಾಡಿ, ದೀಪಕ್ಕೆ ಹಾಕುವ ಬತ್ತಿಯಂತೆ ಮಾಡಿದ್ದು.

ಫಿಟ್ಟರ್ ಗಂಡಸು ಬತ್ತಿ ಹೊಸೆಯುವುದಿಲ್ಲ.

"ಅದನ್ನ ನಾ ಹೊಸದೇನಿ ಕಾಕಾ."

ಹಿಂಬಾಗಿಲಲ್ಲಿ ಮುನವ್ವರಾ ನಿಂತಿದ್ದಳು. ಜಿನ್ನಿನ ಹಿಂದೆಯೇ ಅವರ ಮನೆ. ಅಪ್ಪನಿಗೆ ರೊಟ್ಟಿ ಕಟ್ಟಿಕೊಂಡು ಬಂದವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಇಪ್ಪತ್ತರ ಆಚೀಚೆಯ ಹುಡುಗಿ, ತಲೆಯ ಮೇಲಿನ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

"ನೀ ಒಳಗ ಹೋಗು," ಎಂದ ಅಕ್ಬರಸಾಬ.

"ಹೋಗಂಗಿಲ್ಲ ಅಬ್ಬಾ." ಅವಳು ರೊಟ್ಟಿಯ ಗಂಟನ್ನು ಹಲಗೆಯ ಮೇಲಿಟ್ಟಳು. "ಅಬ್ಬಾನ ಕಣ್ಣಿಗೆ ಪೊರೆ ಬಂದು ಭಾಳ ದಿನಾತು. ಕೆಲಸಾ ಹೋದ್ರ ಏನ್ ತಿನ್ನೂದು ಅಂತ ಯಾರಿಗೂ ಹೇಳಲಿಲ್ಲ. ಮೋಟಾರ ಮನಿಗೆ ತರ್ತಿದ್ರು. ತಂತಿ ಸುತ್ತೂದು ನಾನು, ಮೊಹರಾ ಹಾಕೂದು ನಾನು. ಅಬ್ಬಾ ಬಾಜೂಕ ಕುಂತು ಹೇಳ್ತಿದ್ರು."

"ಈ ಎರಡು ಮೋಟಾರ ಹಡಗಿಗೆ ಹೋಗ್ತಾವಂತ ಗೊತ್ತಿತ್ತೇನವ್ವ?"

"ಇಲ್ರಿ. ಹಿರೇಕೆರೂರ ಕಡೆ ಯಾವ್ದೋ ಜಿನ್ನಿಗೆ ಅಂತ ತಿಳದಿದ್ದೆ. ತಳಕ್ಕ ಹೊಸಾ ತೂತ ಕಂಡೆ. ಸಾವ್ಕಾರ್ರ ಮಂದಿ ಕೊರದು ಮರತ್ರು ಅಂದ್ಕೊಂಡೆ. ತೂತ ತೆರದಿಟ್ಟು ಮೋಟಾರ ಕೊಟ್ರ ನಮ್ಮ ಮನಿ ಹೆಸರಿಗೆ ಮಸಿ. ಮುಚ್ಚಿದೆ. ಬಣ್ಣ ಆಮ್ಯಾಲ ಅವ್ರು ಬಳದ್ರು."

ನಾನು ಕೇಳಬಾರದ ಪ್ರಶ್ನೆಯೊಂದು ಗಂಟಲಲ್ಲಿತ್ತು. ಕೇಳದೆ ಬಿಡುವ ಹಾಗೂ ಇರಲಿಲ್ಲ. ಹಯಾತ ಹಡಗಿನಲ್ಲಿ ಈ ಮೋಟಾರುಗಳನ್ನು ದಿನಾ ನೋಡುತ್ತಿದ್ದವನು. ತಳದ ತೂತು ಯಾಕೆಂದು ಹಡಗಿನವರು ಅವನಿಗೆ ಹೇಳಿರಲೇಬೇಕು. ಹಿಡಿದ ದಿನದಿಂದ ಅವನು ಪೊಲೀಸರ ಮುಂದೆ ಬಾಯಿ ಬಿಟ್ಟಿರಲಿಲ್ಲ. ನಾನಲ್ಲ ಅಂತಲೂ ಅಂದಿರಲಿಲ್ಲ, ಹೌದು ಅಂತಲೂ ಅಂದಿರಲಿಲ್ಲ.

"ಹಯಾತಗ ಗೊತ್ತಿತ್ತೇನು?"

ಅವಳು ಸೆರಗನ್ನು ಬಿಟ್ಟಳು. "ಮಳಿಗಾಲಕ್ಕಿಂತ ಮೊದ್ಲ ರಜಾಕ್ಕ ಬಂದಿದ್ರು. ನಿನ್ನ ಬತ್ತಿ ನನ್ನ ಹಡಗಿನ್ಯಾಗ ಕಂಡೆ ಮುನವ್ವರಾ ಅಂದ್ರು. ಬಣ್ಣ ಒಂಚೂರು ಸುಲದಿತ್ತಂತ, ತುದಿ ನೋಡಿ ಗುರುತ ಹಿಡದ್ರಂತ. ಭಾಳ ಖುಷಿಯಾಗಿದ್ರು. ನಿನ್ನ ಕೈಲೆ ಹಾಕಿದ್ದು, ನಾ ಹೆಂಗ ತಗೀಲಿ ಅಂದ್ರು. ವಾರಕ್ಕೊಮ್ಮೆ ವಾಲ್ವು ತೆರದು ಮುಚ್ಚಿ ನೋಡ್ತೇನಿ, ಚಲೋ ತಿರಗತೈತಿ ಅಂದ್ರು."

ಅವಳು ರೊಟ್ಟಿಯ ಗಂಟನ್ನು ಅಪ್ಪನ ಕಡೆ ಸರಿಸಿದಳು.

"ನಾನೂ ನಕ್ಕೆ ಕಾಕಾ. ನಾನೂ ಖುಷಿ ಪಟ್ಟೆ."

ಮಳೆಗಾಲದ ಹಬೆಗೆ ಬೆವರು ಏರಿತು, ತಂತಿಯ ಸುರುಳಿಗಳನ್ನು ಮುಟ್ಟಿತು. ವಾರ ವಾರ ಚಲೋ ತಿರುಗಿದ ಮೋಟಾರು ಬೇಕಾದ ಒಂದು ದಿನ ತಿರುಗಲಿಲ್ಲ. ಹಗೆತನವಲ್ಲ, ದ್ರೋಹವಲ್ಲ. ಜಿನ್ನಿನಲ್ಲಿ ಸರಿಯಾದದ್ದು ಹಡಗಿನಲ್ಲಿ ತಪ್ಪಾಯಿತು, ಅಷ್ಟೇ. ಆ ಅಷ್ಟಕ್ಕೇ ಯಾರ್ಯಾರ ಮಕ್ಕಳೋ ನೀರಿನಲ್ಲಿ ಉಸಿರು ಕಟ್ಟಿ ಸತ್ತರು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಸುಮ್ಮನೆ ಮೋಟಾರಿನ ಮುಚ್ಚಳ ಹಾಕಿದೆ.

"ಇಷ್ಟನ್ನ ಕೋರ್ಟಿನ್ಯಾಗ ಹೇಳ್ತಿ ಏನವ್ವ?"

"ಹೇಳ್ತೇನ್ರಿ. ಈಗ್ಲೇ ನಡೀರಿ."

"ಹೇಳಿದ್ರ ನಿನ್ನ ಮ್ಯಾಲೂ ಬರಬಹುದು."

"ಬರ್ಲಿ. ತಪ್ಪಿಗೆ ಏನ್ ಶಿಕ್ಷಾ ಕೊಡ್ತಾರು ಕೊಡ್ಲಿ. ಗಲ್ಲಂತೂ ಹಾಕಂಗಿಲ್ಲಲ್ಲ?"

"ತಪ್ಪಿಗೆ ಗಲ್ಲಿಲ್ಲ," ಎಂದೆ. ಆ ಮಾತನ್ನು ನಾನೇ ಆಡಿದೆ. ನನ್ನ ಬಾಯಿಂದಲೇ ಅವಳಿಗೆ ಧೈರ್ಯ ಬಂತು.

ಸವಣೂರು ನವಾಬರ ಸಂಸ್ಥಾನ. ಇಂಗ್ರೇಜಿ ಸರಕಾರದ ಪೊಲೀಸರು ಇಲ್ಲಿಗೆ ಕಾಲಿಟ್ಟು ಯಾರನ್ನೂ ಹಿಡಿಯುವಂತಿಲ್ಲ, ಹೇಳಿಕೆ ಬರೆದುಕೊಳ್ಳುವಂತಿಲ್ಲ. ಶಿಗ್ಗಾಂವಿಯ ದಾರಿಯಲ್ಲಿ ಸರಹದ್ದಿನ ಕಲ್ಲು ದಾಟಿದರೆ ಧಾರವಾಡ ಜಿಲ್ಲೆ. ಶಿಗ್ಗಾಂವಿಯ ಫೌಜದಾರ ಫಕ್ಕೀರಪ್ಪ ಹಿಂದೆ ನನ್ನ ಕೈಕೆಳಗೆ ಸಿಪಾಯಿಯಾಗಿದ್ದವನು. ಸಾಕ್ಷಿ ಕರಕೊಂಡು ಬರುತ್ತೇನೆ, ಕಲ್ಲಿನ ಹತ್ತಿರ ನಿಂತಿರು ಎಂದು ಬೆಳಿಗ್ಗೆಯೇ ಹೇಳಿ ಕಳಿಸಿದ್ದೆ.

ಗಾಡಿ ಹೂಡಿಸಿದೆ. ಮೋಟಾರಿನ ಪೆಟ್ಟಿಗೆ ಹೇರಿದೆವು. ಅಕ್ಬರಸಾಬ ತಾನೂ ಬರುತ್ತೇನೆಂದು ಹಟ ಹಿಡಿದ. ಮಗಳು ಅವನ ಕೈಹಿಡಿದು ಹತ್ತಿಸಿದಳು. ಎಲೆತೋಟಗಳು ಮುಗಿದು ಕಪ್ಪು ಹೊಲಗಳು ಬಂದವು. ಹತ್ತಿ ಬಿಡಿಸಿ ಮುಗಿದ ಗಿಡಗಳು ಒಣಗಿ ನಿಂತಿದ್ದವು. 

ಅರ್ಧ ದಾರಿಯಲ್ಲಿ ಸಾವುಕಾರನ ಮೋಟಾರು ಕಾರು ಹಿಂದಿನಿಂದ ಬಂತು. ಪೆಟ್ರೋಲು ಸಿಗದ ಕಾಲ, ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಹೊಗೆ ಬಿಡುತ್ತಿತ್ತು. ನಮ್ಮ ಮೇಲೆ ಧೂಳು ಚೆಲ್ಲಿ ಶಿಗ್ಗಾಂವಿಯ ಕಡೆ ಹೋಯಿತು. ನನಗೆ ಆಗಲೇ ಮನಸ್ಸು ಕೆಟ್ಟಿತು.

ಹೊತ್ತು ಇಳಿಯುವಾಗ ಕಲ್ಲು ಕಂಡಿತು. ಫಕ್ಕೀರಪ್ಪ ಅದರಾಚೆ ನಿಂತಿದ್ದ, ಜೊತೆಗೆ ಇಬ್ಬರು ಸಿಪಾಯಿಗಳು. ಗಾಡಿಯನ್ನು ಕಲ್ಲಿನ ಈಚೆಯೇ ನಿಲ್ಲಿಸಿ ನಾನು ಇಳಿದು ಹೋದೆ.

"ಜಮಾದಾರ್ರ, ಸುಮ್ನ ತ್ರಾಸ ತಗೊಂಡ್ರಿ," ಎಂದ ಫಕ್ಕೀರಪ್ಪ. ಅವನ ಮುಖದಲ್ಲಿ ನಗೆಯಿರಲಿಲ್ಲ, ಮರುಕವಿತ್ತು. "ಮಧ್ಯಾಹ್ನ ಬೊಂಬಾಯಿಂದ ತಂತಿ ಬಂತು. ನಿಮ್ಮ ಹಯಾತ ಕಬೂಲ್ ಮಾಡ್ಯಾನ."

"ಏನಂತ?"

"ಎರಡೂ ಮೋಟಾರಿನ ತೂತ ನಾನ ಮುಚ್ಚೇನಿ, ಹಡಗ ಮುಳುಗ್ಲಿ ಅಂತ ಮುಚ್ಚೇನಿ, ಮ್ಯಾಲ ಬಣ್ಣಾನೂ ನಾನ ಹಚ್ಚೇನಿ ಅಂತ ಮ್ಯಾಜಿಸ್ಟ್ರೇಟರ ಮುಂದ ಬರಸ್ಯಾನ. ಮೊಹರಾ ಸಿಕ್ಕೈತಿ, ಸವಣೂರ ಕೈ ಅಂತ ಗೊತ್ತಾಗೇತಿ, ಅಂಜಬ್ಯಾಡ ಅಂತ ವಕೀಲ್ರು ಹೇಳಾಕ ಹೋಗಿದ್ರಂತ. ಕೇಳಿದಾವ್ನ ಹಂಗ ಎದ್ದು ನಿಂತು, ನನ್ನ ಮ್ಯಾಜಿಸ್ಟ್ರೇಟರ ಕಡೆ ಒಯ್ಯಿರಿ ಅಂದ್ನಂತ."

ನಾನು ಕಳಿಸಿದ ತಂತಿ. ನನ್ನ ಖುಷಿಯ ತಂತಿ. ಸವಣೂರಿನ ಕೈ ಎಂದು ಕೇಳಿದ ಕೂಡಲೇ ಅವನಿಗೆ ಯಾರ ಕೈ ಎಂದು ಹೊಳೆದಿತ್ತು. ನಾನು ಅವಳ ಬಾಗಿಲಿಗೆ ಮುಟ್ಟುವ ಮೊದಲೇ ಅವನು ತನ್ನ ಕೊರಳು ಮುಂದೆ ಚಾಚಿದ್ದ. ನಾನು ಈ ಕೇಸಿಗೆ ಕೈ ಹಾಕದಿದ್ದರೆ ಅವನು ಇನ್ನೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದನಲ್ಲ ಎನ್ನಿಸಿ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

"ಅದು ಸುಳ್ಳು ಫಕ್ಕೀರಪ್ಪ. ಸಾಕ್ಷಿ ಗಾಡ್ಯಾಗ ಐತಿ. ಅವನ ಹೆಂಡತಿ. ಮುಚ್ಚಿದಾಕಿ ತಾನು, ಗೊತ್ತಿಲ್ದ ಮುಚ್ಚ್ಯಾಳ."

ಫಕ್ಕೀರಪ್ಪ ಗಾಡಿಯ ಕಡೆ ನೋಡಿ ದನಿ ತಗ್ಗಿಸಿದ. "ಕುಬೇರಪ್ಪ ಸಾವ್ಕಾರ ಈಗಷ್ಟ ಠಾಣೆಕ ಹೇಳಿಕಿ ಕೊಟ್ಟ ಹೋದ. ಹಳೇ ಮೋಟಾರ ಗುಜರಿಗೆ ಮಾರೇನಿ, ಅಕ್ಬರಸಾಬನ ಮನ್ಯಾಗ ಗುಪ್ತ ಏನ್ ನಡೀತಿತ್ತೋ ನನಗ ತಿಳೀದು, ಮಗಳು ಮೋಟಾರ ಬಿಚ್ಚಿ ಏನೋ ಮಾಡ್ತಿದ್ಲು ಅಂದ."

"ಅದಕ್ಕ?"

"ಅದಕ್ಕ ಏನ್ರಿ, ನೀವ ಹೇಳ್ರಿ. ಇಲ್ಲಿ ಹೆಂಡತಿ ಮುಚ್ಚಿ ಕಳಿಸ್ಯಾಳ. ಅಲ್ಲಿ ಗಂಡ ನೋಡಿ ಸುಮ್ನಿದ್ದ, ಬೇಕಂತ ಮಾಡೇನಿ ಅಂತ ಬರಸ್ಯಾನ. ಈಕಿ ಬಾಯಿ ಬಿಟ್ರ ಅಂವ ಉಳಿಯಾಂವಲ್ಲ. ಇಬ್ರೂ ಕೂಡಿ ಮಾಡಿದ್ರು ಅಂತಾತು. ಲಡಾಯಿ ಕಾಯ್ದಿ ಗಂಡಸು ಹೆಂಗಸು ನೋಡಂಗಿಲ್ಲ." ಅವನು ಕಲ್ಲನ್ನು ತೋರಿಸಿದ. "ನಿಮ್ಮ ಉಪ್ಪ ತಿಂದಾವ ಅಂತ ಹೇಳಾಕತ್ತೇನಿ. ಕಲ್ಲ ದಾಟಿದ್ರ ನಾ ಹಿಡೀಬೇಕು. ಗಾಡಿ ತಿರುಗಸ್ರಿ. ನಾ ಏನೂ ನೋಡಿಲ್ಲ."

ನಾನು ಗಾಡಿಯ ಹತ್ತಿರ ಮರಳಿದೆ. ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಯೋಚಿಸುವ ಅಗತ್ಯವಿರಲಿಲ್ಲ, ಗಾಡಿ ನಾಲ್ಕೇ ಮಾರು ದೂರದಲ್ಲಿತ್ತು, ಮುನವ್ವರಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಡಿ ತಂಗಿ, ಹಿಂದಕ ಹೋಗೂಣು," ಎಂದೆ. "ವಕೀಲರನ್ನ ಕೇಳೂಣು. ಬ್ಯಾರೆ ದಾರಿ ಹುಡುಕೂಣು."

"ನಾ ಹಿಂದಕ ಹೋದ್ರ ಅವ್ರು ಉಳೀತಾರೇನ್ ಕಾಕಾ?"

"ಇಲ್ಲ."

"ನಾ ಹೇಳಿದ್ರ?"

ತಪ್ಪಿಗೆ ಗಲ್ಲಿಲ್ಲ ಎಂದು ಮಧ್ಯಾಹ್ನ ಹೇಳಿದವನು ನಾನೇ. 

"ಗೊತ್ತಿಲ್ಲವ್ವ. ಇಬ್ರೂ ಗಲ್ಲಿಗೆ ಹೋಗಬಹುದು."

ಅವಳು ತಲೆಯಾಡಿಸಿದಳು. ಅಪ್ಪನ ಹೆಗಲ ಮೇಲಿನ ಧೂಳನ್ನು ಕೈಯಿಂದ ಕೊಡವಿದಳು. ಆಮೇಲೆ ಸೆರಗು ಬಿಗಿದುಕೊಂಡು ಸದ್ದಿಲ್ಲದೆ ಗಾಡಿಯಿಂದ ಇಳಿದಳು. ನಾನು ಅವಳ ತೋಳು ಹಿಡಿದೆ. ಅವಳು ನನ್ನ ಮುಖ ನೋಡಿದಳು. ನಾನು ಬಿಟ್ಟೆ. ಯಾಕೆ ಬಿಟ್ಟೆನೆಂದು ಇವತ್ತಿಗೂ ಹೇಳಲಾರೆ.

ಅವಳು ನೇರ ನಡೆದುಕೊಂಡು ಹೋಗಿ ಕಲ್ಲಿನ ಆಚೆ ಫಕ್ಕೀರಪ್ಪನ ಮುಂದೆ ನಿಂತಳು.

ಗಾಡಿಯಲ್ಲಿ ಅಕ್ಬರಸಾಬ ಮಗಳು ಕೂತಿದ್ದ ಜಾಗವನ್ನು ಕೈಯಿಂದ ತಡವುತ್ತಿದ್ದ.

"ಜಮಾದಾರ್ರ," ಎಂದ. "ನಮ್ಮ ಹುಡುಗಿ ಎಲ್ಲಿ?"